ಊದ್ ಪರ್ಫ್ಯೂಮ್: ಹಚ್ಚಿದ ತಕ್ಷಣ ಕೊಟ್ಟಿಗೆ ವಾಸನೆ, ಎರಡು ಗಂಟೆಗೆ ಏನೂ ಇಲ್ಲ

ಸುರಗಿ:
ಅಗರು ಎಣ್ಣೆ (ಊದ್) ಸೇರಿಸಿದ್ದು ಎಂದು ಬರೆದಿರುವ 50 ಮಿ.ಲೀ. ಸ್ಪ್ರೇ ಬಾಟಲಿ. ಎರಡು ಮಣಿಕಟ್ಟಿಗೆ ಒಂದೊಂದು, ಕತ್ತಿಗೆ ಎರಡು ಸ್ಪ್ರೇ. ಮೊದಲ 20 ನಿಮಿಷ ಕೊಟ್ಟಿಗೆ, ಹಳೇ ತೊಗಲು, ಸ್ವಲ್ಪ ಬ್ಯಾಂಡೇಜಿನ ವಾಸನೆ. ಆಮೇಲೆ ಚೆನ್ನಾಗಿರುತ್ತೆ. ಎರಡು ಗಂಟೆಗೆ ಮಣಿಕಟ್ಟು ಮೂಸಿದರೂ ಏನೂ ಸಿಗುವುದಿಲ್ಲ. ಇದನ್ನೇ ಹಾಕುವ ಬೇರೆಯವರು "ಜೇನು, ಒಣಹಣ್ಣು, ಸಂಜೆವರೆಗೂ ಇರುತ್ತೆ" ಅಂತಾರೆ. ನಕಲಿಯೇ, ಕೆಟ್ಟಿದೆಯೇ, ಅಥವಾ ಹಚ್ಚುವುದರಲ್ಲೇ ತಪ್ಪೇ?

ಗಂಧವಾಹ:
ಇಲ್ಲಿರುವುದು ಎರಡು ತೊಂದರೆ, ಬೇರೆಬೇರೆಯಾಗಿ ನೋಡಬೇಕು.

ಮೊದಲು ಕೊಟ್ಟಿಗೆ ವಾಸನೆ. ಗಾಯವಾದ ಅಗರು ಮರಕ್ಕೆ ಶಿಲೀಂಧ್ರ ತಗುಲಿದಾಗ ಮರ ತನ್ನನ್ನು ಕಾಪಾಡಿಕೊಳ್ಳಲು ಕಟ್ಟಿಕೊಳ್ಳುವ ರಾಳವೇ ಊದ್. ರಾಳ ಕೂತ ಕಟ್ಟಿಗೆಯನ್ನು ಚೂರು ಮಾಡಿ, ನೀರಿನಲ್ಲಿ ನೆನೆಹಾಕಿ, ಆಮೇಲೆ ಭಟ್ಟಿ ಇಳಿಸುತ್ತಾರೆ. ನೆನೆಸುವುದು ಕೆಲವೊಮ್ಮೆ ಕೆಲವೇ ದಿನ, ಕೆಲವೊಮ್ಮೆ ವಾರಗಟ್ಟಲೆ. ಹುಳಿ ಬಂದಷ್ಟೂ ಎಣ್ಣೆಗೆ ಕೊಟ್ಟಿಗೆ, ತೊಗಲು, ಚೀಸಿನ ವಾಸನೆ ಏರುತ್ತದೆ. ಅಸ್ಸಾಮಿನ ಸಾಂಪ್ರದಾಯಿಕ ಎಣ್ಣೆ ಈ ಗುಣಕ್ಕೇ ಹೆಸರುವಾಸಿ. ಕಾಂಬೋಡಿಯಾ ಶೈಲಿಯದು ಹಣ್ಣಿನ ಸಿಹಿಯ ಕಡೆ ವಾಲುತ್ತದೆ. ಹುಳಿಯಿಂದ ಬಂದ ಅಣುಗಳು ಹಗುರ, ಬೇಗ ಹಾರಿಹೋಗುತ್ತವೆ. 20 ನಿಮಿಷಕ್ಕೆ ತಗ್ಗುತ್ತಿದ್ದರೆ ಅದು ಎಣ್ಣೆಯ ಸ್ವಭಾವ. ಕೆಟ್ಟ ಪರ್ಫ್ಯೂಮಿನ ಗುರುತು ಬೇರೆ: ವಿನೆಗರಿನಂಥ ಘಾಟು, ಇಲ್ಲವೇ ಹಳೇ ಎಣ್ಣೆಯ ಕಮಟು. ಬಣ್ಣ ಗಾಢವಾದ ಮಾತ್ರಕ್ಕೆ ಕೆಟ್ಟಿದೆ ಎನ್ನಲಾಗದು.

ಬ್ಯಾಂಡೇಜ್ ವಾಸನೆಗೆ ಬೇರೆ ಮೂಲವಿರಬಹುದು. ಸ್ಪ್ರೇ ಪರ್ಫ್ಯೂಮುಗಳಲ್ಲಿ ಬಹಳ ಸಲ 'ಊದ್' ಎಂಬುದು ಪ್ರಯೋಗಾಲಯದಲ್ಲಿ ಕಟ್ಟಿದ ಮಿಶ್ರಣ. ಜೊತೆಗೆ ನಾಗರಮೋಥಾ ಎಂಬ ಗಡ್ಡೆಯ ಎಣ್ಣೆ, ಕೇಸರಿಯನ್ನು ಹೋಲುವ ಕೃತಕ ಅಣು ಸೇರಿರುತ್ತವೆ. ಅದು ಮೂಗಿಗೆ ಔಷಧಿಯಂತೆ ಅನ್ನಿಸುವುದು ಸಹಜ. ಹಾಗಂತ ಕಳಪೆ ಎಂದು ತೀರ್ಮಾನಿಸಬೇಡಿ.

ಮಾಯವಾಗುವುದೇ ನಿಜವಾದ ಪ್ರಶ್ನೆ. ಊದಿನ ಮುಖ್ಯ ಅಣುಗಳು ಸೆಸ್ಕ್ವಿಟರ್ಪೀನುಗಳು. ಭಾರವಾದವು, ನಿಧಾನ ಆರುವಂಥವು. ಎರಡೇ ಗಂಟೆಗೆ ಪೂರ್ತಿ ಹೋಗುವುದು ಅಪರೂಪ. ಬಾಟಲಿಯನ್ನು ದೂರುವ ಮೊದಲು ಮೂಗನ್ನು ಪರೀಕ್ಷಿಸಿ.

ಪರ್ಫ್ಯೂಮ್ ಮೂಸಿ ನೋಡಲು ಬಳಸುವ ಕಾಗದದ ಬ್ಲಾಟರ್ ಪಟ್ಟಿ ಎರಡು ತಗೊಳ್ಳಿ. ಇಲ್ಲದಿದ್ದರೆ ವಾಸನೆಯಿಲ್ಲದ ದಪ್ಪ ಬಿಳಿ ಕಾಗದ ಸಾಕು. 15 ಸೆಂ.ಮೀ. ದೂರದಿಂದ ಒಂದೊಂದು ಸ್ಪ್ರೇ, ಪಟ್ಟಿಯ ಮೇಲೆ ಸಮಯ ಬರೆಯಿರಿ. ಒಂದು ನಿಮಿಷ ಬಿಡಿ, ಆಲ್ಕೋಹಾಲ್ ಹೋಗಲಿ. 20 ನಿಮಿಷ, 2 ಗಂಟೆ, 6 ಗಂಟೆ, 24 ಗಂಟೆಗೆ ಮೂಸಿ. ನಡುವೆ ಪಟ್ಟಿ ಬೇರೆ ಕೋಣೆಯಲ್ಲಿರಲಿ. ಅದೇ ದಿನ ಒಂದು ಮೊಣಕೈಯ ಒಳಮಡಿಕೆಗೆ ಒಂದೇ ಸ್ಪ್ರೇ. ಕತ್ತಿಗೆ ಬೇಡ. ಎರಡು ಗಂಟೆಗೆ ಪರ್ಫ್ಯೂಮ್ ಹಾಕದ ಇನ್ನೊಬ್ಬರಿಗೆ ಮೂಸಲು ಹೇಳಿ.

ಕೇದಗೆ:
ಒಣಚರ್ಮವಿದ್ದರೆ ವ್ಯಾಸಲೀನ್ ಹಚ್ಚಿ ಅದರ ಮೇಲೆ ಸ್ಪ್ರೇ ಮಾಡಿ, ಉಳಿಯುತ್ತೆ. ಮಣಿಕಟ್ಟು ಒಂದಕ್ಕೊಂದು ಉಜ್ಜಬೇಡಿ, ಅಣುಗಳು ಒಡೆಯುತ್ತವೆ.

ಗಂಧವಾಹ:
ಕೇದಗೆಯವರೇ, ವ್ಯಾಸಲೀನ್ ಸರಿ, ಆದರೆ ತೆಳ್ಳಗೆ. ದಪ್ಪ ಪದರದಲ್ಲಿ ಪರ್ಫ್ಯೂಮ್ ಹೂತುಹೋಗಿ ಹೊರಗೆ ಬರುವುದೇ ಕಡಿಮೆಯಾಗುತ್ತದೆ. ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ ಬಿಟ್ಟರೂ ಅಷ್ಟೇ ಕೆಲಸ. ಉಜ್ಜುವುದರಿಂದ ಅಣು ಒಡೆಯುವುದಿಲ್ಲ. ಚರ್ಮ ಬೆಚ್ಚಗಾಗಿ ಮೊದಲ ವಾಸನೆ ಬೇಗ ಹಾರುತ್ತದೆ, ಅಷ್ಟೇ. ಆದರೂ ಉಜ್ಜದಿರುವುದೇ ಒಳ್ಳೆಯದು.

ಸುರಗಿ:
ಫಲಿತಾಂಶ: ಪಟ್ಟಿಯಲ್ಲಿ 6 ಗಂಟೆಗೆ ಸಿಹಿ ಕಟ್ಟಿಗೆ, 24 ಗಂಟೆಗೂ ಸ್ಪಷ್ಟವಾಗಿದೆ. ಮೊಣಕೈ ಎರಡು ಗಂಟೆಗೆ ನನಗೆ ಮಸುಕು, ಇನ್ನೊಬ್ಬರಿಗೆ ಒಂದು ಅಡಿ ದೂರದಿಂದಲೇ ಗೊತ್ತಾಯಿತು.

ಗಂಧವಾಹ:
ಹಾಗಾದರೆ ಪರ್ಫ್ಯೂಮ್ ಇದೆ, ನಿಮ್ಮ ಮೂಗು ಒಗ್ಗಿಹೋಗಿದೆ. ಕತ್ತಿಗೆ ಹಾಕಿದ್ದು ಮೂಗಿನ ಕೆಳಗೇ ಸತತ ಬರುತ್ತಿರುತ್ತದೆ, ಮಿದುಳು ಅದನ್ನು ಲೆಕ್ಕಕ್ಕೆ ತಗೊಳ್ಳುವುದು ಬಿಡುತ್ತದೆ. ಇದು ಗೊತ್ತಿಲ್ಲದೆ ಸ್ಪ್ರೇ ಹೆಚ್ಚಿಸಿದರೆ ಪಕ್ಕದವರಿಗೆ ತಲೆನೋವು. ಕತ್ತು ಬಿಡಿ, ಎದೆಗೆ, ಬಟ್ಟೆಯ ಒಳಗೆ, ಎರಡು ಸ್ಪ್ರೇ ಸಾಕು. ಮೂಗು ತಿಳಿಯಾಗಲು ಕಾಫಿ ಬೀಜ ಮೂಸಬೇಕಿಲ್ಲ, ಹತ್ತು ನಿಮಿಷ ಹೊರಗಿನ ಗಾಳಿ ಸಾಕು.

ಪಟ್ಟಿಯಲ್ಲೂ ನಿಮಗೆ ಸಿಗದೆ ಇನ್ನೊಬ್ಬರಿಗೆ ಸಿಕ್ಕಿದ್ದರೆ ಬೇರೆ ಕಥೆ. ಕೆಲವು ದೊಡ್ಡ ಕಸ್ತೂರಿ ಅಣುಗಳು, ಕೃತಕ ಅಂಬರ್ ಅಣುಗಳು ಕೆಲವರ ಮೂಗಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ. ಒಬ್ಬರಿಗೆ ಜೇನು, ಇನ್ನೊಬ್ಬರಿಗೆ ಶೂನ್ಯ ಎಂಬ ಅಭಿಪ್ರಾಯಗಳಲ್ಲಿ ಹಲವು ಇಲ್ಲಿಂದಲೇ ಬರುತ್ತವೆ.

ನೀಲಾಂಜನ:
ಸಂಬಂಧಿಸಿದ ಪ್ರಶ್ನೆ. ಶುದ್ಧ ಊದ್ ಎಣ್ಣೆಯನ್ನು ಔಷಧಿ ಅಂಗಡಿಯ 70% ಸ್ಪಿರಿಟ್‌ನಲ್ಲಿ ಕರಗಿಸಲು ಹೋದರೆ ಹಾಲಿನಂತೆ ಬಿಳಿಯಾಗುತ್ತೆ. ಎಣ್ಣೆಯಲ್ಲಿ ಕಲಬೆರಕೆಯೇ?

ಗಂಧವಾಹ:
ಅದು ನೀರಿನ ಕೆಲಸ. 70%ರಲ್ಲಿ ಉಳಿದದ್ದು ನೀರು, ಎಣ್ಣೆ ಅದರಲ್ಲಿ ಕರಗದೆ ಹನಿಹನಿಯಾಗಿ ತೇಲುತ್ತದೆ. 95% ಅಥವಾ ಹೆಚ್ಚಿನ, ಪರ್ಫ್ಯೂಮಿಗೆಂದೇ ಮಾರುವ ಎಥನಾಲ್ ಬೇಕು. 5% ದ್ರಾವಣಕ್ಕೆ 0.5 ಗ್ರಾಂ ಎಣ್ಣೆ, 9.5 ಗ್ರಾಂ ಎಥನಾಲ್; ಹನಿ ಎಣಿಸಬೇಡಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಹತ್ತಿರ ಬೆಂಕಿ ಇರಕೂಡದು. ಕತ್ತಲಲ್ಲಿ ಎರಡು ವಾರ ಇಟ್ಟು ಮೂಸಿದರೆ ಚೂಪು ಇಳಿದಿರುತ್ತದೆ. ಚರ್ಮಕ್ಕೆ ಹಾಕುವ ಮುನ್ನ ಮೊಣಕೈ ಮಡಿಕೆಗೆ ಒಂದು ಹನಿ ಹಚ್ಚಿ 24 ಗಂಟೆ ನೋಡಿ.

ಇದೇ ಎಥನಾಲಿನಲ್ಲೂ ಮೋಡ ಕಟ್ಟಿದರೆ, ಅಥವಾ ತಳದಲ್ಲಿ ಎಣ್ಣೆ ಬೇರೆಯಾಗಿ ಕೂತರೆ, ಅಡುಗೆ ಎಣ್ಣೆಯಂಥದ್ದೇನೋ ಬೆರೆತಿರುವ ಸಂದೇಹ. ತಿಳಿಯಾಗಿ ಕರಗಿದರೆ ಶುದ್ಧ ಎಂದಲ್ಲ. ಎಥನಾಲಿನಲ್ಲಿ ಕರಗುವ ಬೆರಕೆಗಳೂ ಇವೆ. ಕಾಗದದ ಮೇಲೆ ಎಣ್ಣೆ ಕಲೆ ಉಳಿಯಿತು, ಆದ್ದರಿಂದ ನಕಲಿ ಎನ್ನುವ ಪರೀಕ್ಷೆಯನ್ನಂತೂ ನಂಬಲೇಬೇಡಿ. ಊದ್ ತಾನೇ ಭಾರದ ಎಣ್ಣೆ, ಕಲೆ ಬಿಟ್ಟೇ ಬಿಡುತ್ತದೆ. ಖಚಿತ ಬೇಕಿದ್ದರೆ ಜಿಸಿ-ಎಂಎಸ್ (ಎಣ್ಣೆಯಲ್ಲಿರುವ ಅಣುಗಳನ್ನು ಬೇರ್ಪಡಿಸಿ ಗುರುತಿಸುವ ಪ್ರಯೋಗಾಲಯ ಪರೀಕ್ಷೆ) ವರದಿ ಕೇಳಿ.

ಸುರಗಿ:
ಬಟ್ಟೆಗೆ ಹಾಕಬಹುದೇ?

ಕೇದಗೆ:
ಉಣ್ಣೆ, ದಪ್ಪ ಹತ್ತಿಯಲ್ಲಿ ದಿನಗಟ್ಟಲೆ ಉಳಿಯುತ್ತೆ. ತಿಳಿ ಬಣ್ಣ, ರೇಷ್ಮೆಗೆ ಬೇಡ, ಹಳದಿ ಕಲೆ ಹೋಗುವುದು ಕಷ್ಟ. ಮೊದಲು ಒಳಹೊಲಿಗೆಯ ಅಂಚಿಗೆ ಒಂದು ಸ್ಪ್ರೇ ಹಾಕಿ, ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ.