ಮರಳಿ ಪಡೆದ ಡೆಬ್ ಫೈಲ್‌ಗಳ ಹ್ಯಾಶ್ ಡೆಬಿಯನ್ ಪಟ್ಟಿಗೆ ತಾಳೆಯಾಗುತ್ತಿಲ್ಲ [ಪರಿಹಾರ ಸಿಕ್ಕಿದೆ]

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಮುಚ್ಚಿಹೋದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಹಾರ್ಡ್‌ಡಿಸ್ಕ್ ನನ್ನ ಬಳಿ ಇದೆ. ಡೆಬಿಯನ್ ಲೆನ್ನಿ (ಡೆಬಿಯನ್ ಎಂಬ ಲಿನಕ್ಸ್‌ನ ಹಳೆಯ ಆವೃತ್ತಿ) ಕಾಲದ್ದು. ಆಗ ನೆಟ್ ನಿಧಾನವಿದ್ದುದರಿಂದ ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಒಂದೇ ಫೋಲ್ಡರ್‌ನಲ್ಲಿ ಕೂಡಿಟ್ಟಿದ್ದರು. ಅಲ್ಲಿದ್ದವರು ಕನ್ನಡದ ಕೀಲಿಮಣೆ ವಿನ್ಯಾಸವೊಂದನ್ನು ತಾವೇ ಪ್ಯಾಕೇಜ್ ಮಾಡಿದ್ದರಂತೆ, ನನಗೆ ಮುಖ್ಯವಾಗಿ ಬೇಕಿರುವುದು ಅದು.

ಫೈಲ್ ಸಿಸ್ಟಂ ಪೂರ್ತಿ ಹಾಳಾಗಿದೆ. ರಿಕವರಿ ತಂತ್ರಾಂಶ ಓಡಿಸಿದಾಗ ಸಾವಿರಾರು ಡೆಬ್ ಫೈಲ್ (ಡೆಬಿಯನ್ ಪ್ಯಾಕೇಜ್) ಸಿಕ್ಕವು, ಆದರೆ ಒಂದಕ್ಕೂ ಹೆಸರಿಲ್ಲ, ಬರೀ ಅಂಕೆ. ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಕೇತ) ನೋಡಿ ಗೊತ್ತಿರುವ ಪ್ಯಾಕೇಜ್‌ಗಳನ್ನು ಪಕ್ಕಕ್ಕಿಟ್ಟರೆ ಉಳಿದವುಗಳಲ್ಲಿ ಹುಡುಕಬಹುದು ಎಂದುಕೊಂಡೆ. ಡೆಬಿಯನ್‌ನ ಆರ್ಕೈವ್ ತಾಣದಿಂದ ಲೆನ್ನಿಯ ‘ಪ್ಯಾಕೇಜಸ್’ ಪಟ್ಟಿ ಇಳಿಸಿಕೊಂಡು, ಅದರಲ್ಲಿರುವ ಶಾ-256 ಮಾದರಿಯ ಹ್ಯಾಶ್ ಜೊತೆ ಹೋಲಿಸಿದೆ. ಒಂದೂ ತಾಳೆಯಾಗುತ್ತಿಲ್ಲ!

ಬಯಲುಸೀಮೆ:
ಒಂದೂ ಇಲ್ಲ ಅಂದ್ರೆ ಮೊದಲು ಹೋಲಿಸೋ ವಿಧಾನದ ಮೇಲೇ ಅನುಮಾನ ಪಡಬೇಕು ಸರ್. ಪಟ್ಟಿಯನ್ನ ವಿಂಡೋಸ್‌ನಲ್ಲಿ ತೆರೆದು ಸೇವ್ ಮಾಡಿದ್ರಾ? ಸಾಲಿನ ಕೊನೆಗೆ ಕಾಣದ ಅಕ್ಷರ ಸೇರಿಕೊಂಡ್ರೆ ಒಂದೂ ಕೂಡಿ ಬರಲ್ಲ. ಇಂಗ್ಲಿಷ್ ಅಕ್ಷರಗಳು ಒಂದು ಕಡೆ ದೊಡ್ಡವು, ಇನ್ನೊಂದು ಕಡೆ ಚಿಕ್ಕವು ಇದ್ರೂ ಇದೇ ಕಥೆ. ಯಂತ್ರ ಐ386ರದ್ದೋ (32-ಬಿಟ್) ಎಎಂಡಿ64ರದ್ದೋ (64-ಬಿಟ್) ಅನ್ನೋದನ್ನೂ ನೋಡಿ, ಪಟ್ಟಿ ಬೇರೆ ಬೇರೆ ಇರುತ್ತೆ. ಆರ್ಕೈವ್‌ನಿಂದ ಒಂದು ಪ್ಯಾಕೇಜ್ ಈಗಲೇ ಇಳಿಸಿ, ಅದರ ಹ್ಯಾಶ್ ನಿಮ್ಮ ಸ್ಕ್ರಿಪ್ಟ್‌ಗೆ ಸಿಗುತ್ತಾ ನೋಡಿ.

ತುಂಗಾತೀರ:
ಈಗಷ್ಟೇ ಮಾಡಿ ನೋಡಿದೆ. ‘ಟಿಟಿಎಫ್-ಕನ್ನಡ-ಫಾಂಟ್ಸ್’ ಇಳಿಸಿಕೊಂಡೆ, ಸ್ಕ್ರಿಪ್ಟ್ ತಕ್ಷಣ ಗುರುತಿಸಿತು. ಯಂತ್ರ ಐ386, ಪಟ್ಟಿಯೂ ಅದೇ. ಅಂದರೆ ತೊಂದರೆ ಇರುವುದು ಡಿಸ್ಕಿನಿಂದ ಬಂದ ಫೈಲ್‌ಗಳಲ್ಲೇ. ಎಲ್ಲವೂ ಕೆಟ್ಟಿವೆಯೇ?

ನೀಲಿಪರದೆ:
ಕೆಟ್ಟಿವೆ ಎಂದು ಈಗಲೇ ತೀರ್ಮಾನಿಸಬೇಡಿ. ನಾಲ್ಕೈದು ಫೈಲ್‌ಗಳ ಗಾತ್ರ ಬೈಟ್‌ಗಳಲ್ಲಿ ಇಲ್ಲಿ ಹಾಕಿ.

ತುಂಗಾತೀರ:
86016, 24576, 45056, 1310720.

ನೀಲಿಪರದೆ:
ಹಾಗಿದ್ದರೆ ಕಾರಣ ಸಿಕ್ಕಿತು. ನಾಲ್ಕನ್ನೂ 4096ರಿಂದ ಭಾಗಿಸಿ ನೋಡಿ, ಶೇಷವೇ ಉಳಿಯುವುದಿಲ್ಲ. ಡಿಸ್ಕಿನಲ್ಲಿ ಫೈಲ್‌ಗೆ ಜಾಗ ಸಿಗುವುದು ಇಡೀ ಬ್ಲಾಕ್‌ಗಳಲ್ಲಿ. ಫೈಲ್ ಎಲ್ಲಿಗೆ ಮುಗಿಯಿತು ಎಂಬ ಮಾಹಿತಿ ಇರುವುದು ಫೈಲ್ ಸಿಸ್ಟಂನಲ್ಲಿ. ಅದು ಹೋದಮೇಲೆ ರಿಕವರಿ ತಂತ್ರಾಂಶ ಕೊನೆಯ ಬ್ಲಾಕನ್ನು ಪೂರ್ತಿ ಎತ್ತಿಕೊಂಡು ಬಂದಿದೆ. ಬಾಲಕ್ಕೆ ಸೊನ್ನೆಗಳೋ ಹಳೇ ಕಸವೋ ಅಂಟಿದೆ. ಒಂದೇ ಒಂದು ಬೈಟ್ ಹೆಚ್ಚಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ‘ಹತ್ತಿರ ಬಂದಿದೆ’ ಎಂಬ ಸುಳಿವನ್ನೂ ಕೊಡುವುದಿಲ್ಲ.

ನಿಮ್ಮ ಪುಣ್ಯಕ್ಕೆ ಡೆಬ್ ಫೈಲ್ ತನ್ನ ಅಳತೆಯನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಅದು ‘ಎಆರ್’ ಮಾದರಿಯ ಕಟ್ಟು. ಮೊದಲ 8 ಬೈಟ್ ಗುರುತು. ಆಮೇಲೆ ಮೂರು ಸದಸ್ಯ ಫೈಲ್‌ಗಳು: ಡೆಬಿಯನ್-ಬೈನರಿ, ಕಂಟ್ರೋಲ್, ಡೇಟಾ. ಪ್ರತಿಯೊಂದರ ಮುಂದೆ 60 ಬೈಟ್‌ಗಳ ಹೆಡರ್. ಆ ಹೆಡರ್‌ನಲ್ಲಿ 48 ಬೈಟ್ ಬಿಟ್ಟು ಮುಂದಿನ 10 ಬೈಟ್‌ಗಳಲ್ಲಿ ಸದಸ್ಯನ ಗಾತ್ರ ದಶಮಾಂಶ ಅಂಕೆಯಲ್ಲೇ ಇರುತ್ತದೆ, ಕಣ್ಣಲ್ಲೇ ಓದಬಹುದು. ಗಾತ್ರ ಬೆಸಸಂಖ್ಯೆಯಾದರೆ ಸಮ ಮಾಡಲು ಇನ್ನೊಂದು ಬೈಟ್ ಸೇರುತ್ತದೆ. ಇದನ್ನು ಮರೆತರೆ ಮತ್ತೆ ತಾಳೆಯಾಗದು.

86016 ಬೈಟ್‌ನ ಫೈಲನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಂಟ್ರೋಲ್ 1843, ಡೇಟಾ 82391 ಇದೆ ಎಂದಿಟ್ಟುಕೊಳ್ಳೋಣ. ಗುರುತು 8, ಮೊದಲ ಹೆಡರ್ 60, ಡೆಬಿಯನ್-ಬೈನರಿ 4: ಒಟ್ಟು 72. ಕಂಟ್ರೋಲ್‌ಗೆ 60 ಮತ್ತು 1844. ಡೇಟಾಗೆ 60 ಮತ್ತು 82392. ಕೂಡಿದರೆ 84428. ಅಂದರೆ ಕೊನೆಯ 1588 ಬೈಟ್ ಹೊರಗಿನದು. ಫೈಲಿನ ಪ್ರತಿ ಮಾಡಿಕೊಂಡು, ‘ಟ್ರಂಕೇಟ್’ ಕಮಾಂಡಿನಿಂದ 84428ಕ್ಕೆ ಕತ್ತರಿಸಿ, ಆಮೇಲೆ ಹ್ಯಾಶ್ ತೆಗೆಯಿರಿ. ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಕೆಲಸ. ಮೂಲ ಪ್ರತಿಯನ್ನು ಮಾತ್ರ ಮುಟ್ಟಬೇಡಿ.

ಹೊಸಬೆಳಕು:
ನಡುವೆ ಒಂದು ಪ್ರಶ್ನೆ. ಪಟ್ಟಿಯಲ್ಲಿ ಎಂಡಿ5 ಎಂಬ ಹಳೆಯ ಮಾದರಿಯ ಹ್ಯಾಶ್ ಕೂಡ ಇದೆಯಲ್ಲ, ಅದರಲ್ಲೇ ಹೋಲಿಸಿದರೆ ಬೇಗ ಮುಗಿಯುವುದಿಲ್ಲವೇ?

ನೀಲಿಪರದೆ:
ಒಂದೇ ಎಂಡಿ5 ಬರುವಂಥ ಎರಡು ಬೇರೆ ಫೈಲ್ ಮಾಡಬಹುದು ಎಂದು 2004ರಲ್ಲೇ ತೋರಿಸಿದ್ದಾರೆ. ಶಾ-1 ಎಂಬ ಇನ್ನೊಂದು ಮಾದರಿಗೂ 2017ರಲ್ಲಿ ಅದೇ ಗತಿಯಾಯಿತು: ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಂನ ಸಿಡಬ್ಲ್ಯುಐ ಸಂಶೋಧಕರು ಒಂದೇ ಹ್ಯಾಶ್ ಇರುವ ಎರಡು ಪಿಡಿಎಫ್ ಪ್ರಕಟಿಸಿದರು. ಆದರೆ ಅಲ್ಲಿ ಎರಡೂ ಫೈಲ್‌ಗಳನ್ನು ತಯಾರಿಸಿದವರು ಅವರೇ. ಬೇರೆಯವರು ಆಗಲೇ ಹೊರತಂದಿರುವ ಫೈಲಿಗೆ ಸರಿಹೊಂದುವ ನಕಲಿ ಮಾಡುವುದು ಇನ್ನೂ ಬಹಳ ಕಷ್ಟದ ಕೆಲಸ, ಎಂಡಿ5ರಲ್ಲಿ ಸಹ. ಬರೀ ಗುರುತು ಹಿಡಿಯಲು ಎಂಡಿ5 ನಡೆಯುತ್ತದೆ, ಇನ್‌ಸ್ಟಾಲ್ ಮಾಡುವ ಫೈಲಿಗೆ ಬೇಡ. ಶಾ-256 ಅದೇ ಪಟ್ಟಿಯಲ್ಲಿ ಇರುವಾಗ ಅದನ್ನು ಬಿಟ್ಟು ಹಳೆಯದಕ್ಕೆ ಹೋಗಲು ಕಾರಣವೇ ಇಲ್ಲ. ನಿಧಾನವಾಗುವುದು ಡಿಸ್ಕ್ ಓದುವುದರಿಂದ, ಲೆಕ್ಕದಿಂದಲ್ಲ.

ತುಂಗಾತೀರ:
ನೀಲಿಪರದೆಯವರೇ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು! ಕತ್ತರಿಸಿದ ಮೇಲೆ ಬಹುಪಾಲು ಫೈಲ್‌ಗಳು ಹೆಸರು, ಆವೃತ್ತಿ ಸಮೇತ ಸಿಕ್ಕವು. ಇನ್ನೂ ಒಂದಷ್ಟು ಉಳಿದಿವೆ. ಇವುಗಳಲ್ಲಿ ಕೆಟ್ಟವು ಯಾವುವು, ಕೇಂದ್ರದವರೇ ಮಾಡಿದವು ಯಾವುವು ಎಂದು ತಿಳಿಯುವುದು ಹೇಗೆ?

ಬಯಲುಸೀಮೆ:
ಪಟ್ಟಿ ಇನ್ನೂ ಹಿಗ್ಗಿಸ್ಬೇಕು ಸರ್. ಆರ್ಕೈವ್‌ನಲ್ಲಿರೋ ಲೆನ್ನಿ ಪಟ್ಟಿ ಕೊನೇ ಸ್ಥಿತಿಯದು. ನಡುವೆ ಬಂದು ಹೋದ ಆವೃತ್ತಿಗಳು ಅದರಲ್ಲಿ ಇರಲ್ಲ. ಸೆಕ್ಯುರಿಟಿ ಅಪ್‌ಡೇಟ್‌ಗಳ ಪಟ್ಟಿ ಬೇರೆ, ಕಾಂಟ್ರಿಬ್, ನಾನ್-ಫ್ರೀ ಅನ್ನೋ ವಿಭಾಗಗಳದ್ದೂ ಬೇರೆ. ಅವನ್ನೂ ಸೇರಿಸಿ. ಆಮೇಲೂ ಉಳಿದ್ರೆ ಡೆಬಿಯನ್ ಸ್ನ್ಯಾಪ್‌ಶಾಟ್ ತಾಣ ಇದೆ, 2005ರಿಂದ ಬಂದ ಪ್ಯಾಕೇಜ್‌ಗಳನ್ನ ಕೂಡಿಡ್ತಾ ಇದ್ದಾರೆ. ಅಲ್ಲಿ ಫೈಲನ್ನ ಶಾ-1 ಕೊಟ್ಟು ಹುಡುಕಬೇಕು.

ಲಕ್ಸೆಂಬರ್ಗ್‌ನ ಸರ್ಕ್ಲ್ ಅನ್ನೋ ಕಂಪ್ಯೂಟರ್ ಭದ್ರತಾ ಕೇಂದ್ರ ನಡೆಸೋ, ಹ್ಯಾಶ್ ಹುಡುಕೋ ಸೇವೆಯಾದ ಹ್ಯಾಶ್‌ಲುಕಪ್‌ನಲ್ಲೂ ಕೇಳಬಹುದು. ಅಮೆರಿಕದ ನಿಸ್ಟ್ ಸಂಸ್ಥೆಯ ಎನ್‌ಎಸ್‌ಆರ್‌ಎಲ್ ಪಟ್ಟಿಯೂ (ಪರಿಚಿತ ತಂತ್ರಾಂಶಗಳ ಹ್ಯಾಶ್ ಪಟ್ಟಿ) ಅದರಲ್ಲಿ ಸೇರಿದೆ. ಹ್ಯಾಶ್‌ಗಳನ್ನ ಹೊರಗೆ ಕಳಿಸೋದು ಬೇಡ ಅನ್ನಿಸಿದ್ರೆ ಅವರ ಬ್ಲೂಮ್ ಫಿಲ್ಟರ್ (ಹ್ಯಾಶ್ ಇದೆಯೋ ಇಲ್ಲವೋ ಅಂತಷ್ಟೇ ಹೇಳೋ ಅಡಕ ಫೈಲ್) ಇಳಿಸಿ ಮನೆಯಲ್ಲೇ ನೋಡಬಹುದು. ‘ಇಲ್ಲ’ ಅಂದ್ರೆ ಖಂಡಿತ ಇಲ್ಲ, ‘ಇದೆ’ ಅಂದ್ರೆ ಅಪರೂಪಕ್ಕೆ ತಪ್ಪಿರಬಹುದು.

ನೀಲಿಪರದೆ:
ಅದಕ್ಕೆ ಒಂದು ಮಾತು ಸೇರಿಸಲೇಬೇಕು. ಎನ್‌ಎಸ್‌ಆರ್‌ಎಲ್‌ನಲ್ಲಿ ಇದೆ ಎಂದರೆ ‘ಪರಿಚಿತ’ ಎಂದಷ್ಟೇ ಅರ್ಥ, ‘ಸುರಕ್ಷಿತ’ ಎಂದಲ್ಲ. ಹ್ಯಾಕಿಂಗ್ ಸಾಧನಗಳ ಹ್ಯಾಶ್ ಕೂಡ ಅಲ್ಲಿದೆ. ಹಾಗೆಯೇ ಪಟ್ಟಿಯಲ್ಲಿ ಇಲ್ಲದ ಮಾತ್ರಕ್ಕೆ ಅಪಾಯಕಾರಿಯೂ ಅಲ್ಲ. ನಿಮಗಂತೂ ಪಟ್ಟಿಯಲ್ಲಿ ಇಲ್ಲದ ಫೈಲೇ ಬೇಕಾದದ್ದು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದೆ ಆ ಡಿಸ್ಕಿನಲ್ಲಿ ಮಾತ್ರ ಇರುವುದು ಆ ಗುಂಪಿನಲ್ಲೇ ಸಿಗಬೇಕು. ಹಾಗಾಗಿ ‘ತಾಳೆಯಾಗಲಿಲ್ಲ’ ಎಂದು ಯಾವುದನ್ನೂ ಅಳಿಸಬೇಡಿ.

ಉಳಿದವುಗಳನ್ನು ಬೇರ್ಪಡಿಸಲು ಕಂಟ್ರೋಲ್ ಮತ್ತು ಡೇಟಾ ಭಾಗಗಳನ್ನು ಹೊರತೆಗೆದು, ಅವನ್ನು ಕುಗ್ಗಿಸಿರುವ ‘ಜಿಜಿಪ್’ ತಂತ್ರಾಂಶದ ಪರೀಕ್ಷೆ ಓಡಿಸಿ. ಅದರೊಳಗೇ ಸಿಆರ್‌ಸಿ-32 (ಫೈಲ್ ಕೆಟ್ಟಿದೆಯೇ ಎಂದು ತಿಳಿಸುವ ತಾಳೆ ಸಂಖ್ಯೆ) ಇರುತ್ತದೆ. ಡಿಸ್ಕಿನಲ್ಲಿ ಚದುರಿದ್ದ ಫೈಲ್‌ನ ನಡುವೆ ಬೇರೆ ಫೈಲಿನ ತುಣುಕು ಸೇರಿದ್ದರೆ ಅಲ್ಲಿ ತಪ್ಪು ತೋರಿಸುತ್ತದೆ. ಕೆಟ್ಟದ್ದು ಡೇಟಾ ಭಾಗ ಮಾತ್ರವಾದರೆ ಕಂಟ್ರೋಲ್‌ನಿಂದ ಹೆಸರು, ಆವೃತ್ತಿ ಓದಿಕೊಂಡು ಆರ್ಕೈವ್‌ನಿಂದ ಒಳ್ಳೆಯ ಪ್ರತಿ ತರಬಹುದು. ಪರೀಕ್ಷೆಯಲ್ಲಿ ಗೆದ್ದೂ ಪಟ್ಟಿಯಲ್ಲಿ ಇಲ್ಲದವನ್ನು ‘ಡಿಪಿಕೆಜಿ-ಡೆಬ್’ನಿಂದ ತೆರೆದು ‘ಮೇಂಟೇನರ್’ (ಪ್ಯಾಕೇಜ್ ನೋಡಿಕೊಳ್ಳುವವರ ಹೆಸರಿನ) ಸಾಲು ನೋಡಿ.

ತುಂಗಾತೀರ:
ಸ್ನ್ಯಾಪ್‌ಶಾಟ್‌ನಲ್ಲಿ ಇನ್ನಷ್ಟು ಸಿಕ್ಕವು. ಸಿಆರ್‌ಸಿ ತಪ್ಪಿದವನ್ನು ಬೇರೆ ಫೋಲ್ಡರ್‌ಗೆ ಹಾಕಿದ್ದೇನೆ. ಯಾವ ಪಟ್ಟಿಯಲ್ಲೂ ಇಲ್ಲದ, ಆದರೆ ಪೂರ್ತಿ ಸರಿಯಿರುವ ಕೆಲವು ಪ್ಯಾಕೇಜ್ ಉಳಿದಿವೆ. ಎರಡರಲ್ಲಿ ಮೇಂಟೇನರ್ ಜಾಗದಲ್ಲಿ ಕೇಂದ್ರದ ಹೆಸರೇ ಇದೆ! ಒಂದು ಕೀಲಿಮಣೆಯದು. ಇನ್‌ಸ್ಟಾಲ್ ಮಾಡಬಹುದೇ?

ನೀಲಿಪರದೆ:
ತುಂಬಾ ಸಂತೋಷವಾಯಿತು. ಇನ್‌ಸ್ಟಾಲ್ ಸದ್ಯಕ್ಕೆ ಬೇಡ. ಮೇಂಟೇನರ್ ಸಾಲಿನಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು, ಅದಕ್ಕೆ ಸಹಿಯ ಬಲವಿಲ್ಲ. ಡೆಬಿಯನ್ ಪ್ಯಾಕೇಜ್‌ಗಳಿಗಾದರೆ ‘ರಿಲೀಸ್’ ಫೈಲಿಗೆ ಜಿಪಿಜಿ ಎಂಬ ಡಿಜಿಟಲ್ ಸಹಿ ಇರುತ್ತದೆ, ಅದರಲ್ಲಿ ಪ್ಯಾಕೇಜಸ್ ಪಟ್ಟಿಯ ಹ್ಯಾಶ್, ಪಟ್ಟಿಯಲ್ಲಿ ಡೆಬ್‌ನ ಹ್ಯಾಶ್. ನಿಮ್ಮ ಈ ಎರಡಕ್ಕೆ ಅಂಥ ಸರಪಳಿ ಇಲ್ಲ. ಇನ್‌ಸ್ಟಾಲ್ ಮಾಡದೆ ಬಿಚ್ಚಿ, ‘ಪೋಸ್ಟ್‌ಇನ್‌ಸ್ಟ್’ ಸ್ಕ್ರಿಪ್ಟ್ ಇದ್ದರೆ ಮೊದಲು ಅದನ್ನು ಓದಿ, ಏಕೆಂದರೆ ಅದು ಇನ್‌ಸ್ಟಾಲ್ ಮಾಡುವಾಗ ತಾನಾಗಿಯೇ ರೂಟ್ (ಯಂತ್ರದ ಪೂರ್ಣ) ಅಧಿಕಾರದಲ್ಲಿ ಓಡುತ್ತದೆ. ಕೀಲಿಮಣೆ ವಿನ್ಯಾಸದ ಫೈಲ್ ಬರೀ ಪಠ್ಯವಾಗಿದ್ದರೆ ಅದನ್ನಷ್ಟೇ ಎತ್ತಿಕೊಂಡರೂ ಕೆಲಸ ಆಗುತ್ತದೆ.

ಕತ್ತರಿಸಿದ ಈ ಎರಡು ಡೆಬ್‌ಗಳ ಶಾ-256 ಇಲ್ಲೇ ಹಾಕಿಡಿ. ಆ ಕೇಂದ್ರದಲ್ಲಿ ಕಲಿತವರ ಬಳಿ ಇನ್ನೊಂದು ಪ್ರತಿ ಇದ್ದರೆ ಹೋಲಿಸಿ ಹೇಳಬಹುದು.