‘ಸ್ಲ್ಯಾಪ್‌ಸ್ಟಿಕ್’ ಹಾಸ್ಯಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಅಮೆರಿಕದ ಚಾರ್ಲಿ ಬವರ್ಸ್ ನಟಿಸಿದ ‘ಎಗ್ಡ್ ಆನ್’ (1926) ಎಂಬ ಎರಡು ರೀಲಿನ ಮೂಕಿಚಿತ್ರವನ್ನು ಇಂದು ಬೆಳಿಗ್ಗೆ ನೋಡಿದೆ. ಅದರ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಕುಳಿತರೆ ಮೊದಲ ವಾಕ್ಯದಲ್ಲೇ ತೊಡಕಾಯಿತು. ಎಡವಿ ಬೀಳುವುದು, ಹುಸಿ ಪೆಟ್ಟು ತಿನ್ನುವುದು ಮುಂತಾದ ಮೈಯಾಟಗಳಿಂದಲೇ ನಗಿಸುವ, ಇಂಗ್ಲಿಷಿನವರು ‘ಸ್ಲ್ಯಾಪ್‌ಸ್ಟಿಕ್’ ಎನ್ನುವ ಈ ಬಗೆಯ ಹಾಸ್ಯವನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುವುದು ಹೇಗೆ?

ಥಟ್ಟನೆ ಹೊಳೆದದ್ದು ‘ಹೊಡೆದಾಟದ ಹಾಸ್ಯ’. ಆದರೆ ಆ ಇಂಗ್ಲಿಷ್ ಪದದ ಹುಟ್ಟನ್ನು ನೋಡಿದರೆ ಇದು ಸರಿಹೊಂದುವುದಿಲ್ಲ. ಹದಿನಾರನೆಯ ಶತಮಾನದಿಂದ ಇಟಲಿಯಲ್ಲಿ ಬೆಳೆದ ‘ಕೊಮೆದಿಯಾ ದೆಲ್ ಆರ್ತೆ’ ಎಂಬ ವೃತ್ತಿ ನಾಟಕದಲ್ಲಿ ಅರ್ಲೆಕ್ಕೀನೊ ಎಂಬ ವಿನೋದದ ಸೇವಕನ ಕೈಯಲ್ಲಿ ಒಂದು ಕೋಲಿರುತ್ತಿತ್ತು. ಇಂಗ್ಲಿಷಿನಲ್ಲಿ ‘ಸ್ಲ್ಯಾಪ್‌ಸ್ಟಿಕ್’ ಎಂದು ಹೆಸರಾದ ಇಂಥ ಕೋಲನ್ನು ಎರಡು ತೆಳು ಮರದ ಪಟ್ಟಿಗಳನ್ನು ಒಂದು ತುದಿಯಲ್ಲಿ ಮಾತ್ರ ಜೋಡಿಸಿ ಮಾಡುತ್ತಿದ್ದುದರಿಂದ, ಮೆಲ್ಲಗೆ ತಟ್ಟಿದರೂ ಪಟ್ಟಿಗಳು ಒಂದಕ್ಕೊಂದು ಬಡಿದು ‘ಫಟಾರ್’ ಎಂದು ಸದ್ದಾಗುತ್ತಿತ್ತು, ಪೆಟ್ಟು ತಿಂದವನಿಗೆ ಮಾತ್ರ ಅಷ್ಟಾಗಿ ನೋವಾಗುತ್ತಿರಲಿಲ್ಲ. ಎಂದರೆ ಪದದ ತಿರುಳು ಹೊಡೆತವಲ್ಲ, ಸದ್ದು; ಹೊಡೆದಂತೆ ತೋರುವ ಆಟ. ನಮ್ಮ ಸಂಸ್ಕೃತ ನಾಟಕಗಳ ವಿದೂಷಕನೂ ಕುಟಿಲಕ ಎಂಬ ಸೊಟ್ಟ ಕೋಲನ್ನು ಹಿಡಿದೇ ರಂಗಕ್ಕೆ ಬರುತ್ತಿದ್ದನೆಂಬುದು ಇಲ್ಲಿ ನೆನಪಾಗುತ್ತದೆ, ಆದರೆ ಅವನ ಕೋಲಿನಿಂದ ಯಾವ ಹಾಸ್ಯಪ್ರಕಾರಕ್ಕೂ ಹೆಸರು ಬರಲಿಲ್ಲ.

ಇನ್ನು ಈ ಚಿತ್ರದಲ್ಲಿ ಹೊಡೆದಾಟಕ್ಕಿಂತ ಯಂತ್ರದ ಆಟವೇ ಹೆಚ್ಚು. ಒಡೆಯದ ಮೊಟ್ಟೆಯನ್ನು ಮಾಡಬೇಕೆಂಬ ಹುಚ್ಚು ಹಿಡಿದವನೊಬ್ಬ ಅದಕ್ಕಾಗಿ ಒಂದು ವಿಚಿತ್ರ ಯಂತ್ರವನ್ನೇ ಕಟ್ಟುತ್ತಾನೆ. ಕಾರಿನೊಳಗಿಟ್ಟ ಮೊಟ್ಟೆಗಳಿಗೆ ಎಂಜಿನ್ನಿನ ಬಿಸಿಯೇ ಕಾವಾಗಿ, ಚಿಪ್ಪೊಡೆದು ಹೊರಬರುವುದು ಕೋಳಿಮರಿಗಳಲ್ಲ, ಪುಟ್ಟ ಪುಟ್ಟ ಫೋರ್ಡ್ ಕಾರುಗಳು. ಅವು ತಾಯಿಯ ರೆಕ್ಕೆಯಡಿ ಸೇರುವ ಮರಿಗಳಂತೆ ದೊಡ್ಡ ಕಾರಿನಡಿಗೆ ನುಸುಳುತ್ತವೆ. ಬವರ್ಸ್ ಮೊದಲು ವ್ಯಂಗ್ಯಚಿತ್ರಗಳನ್ನು ಚಲಿಸುವಂತೆ ಮಾಡುವ ಕೆಲಸದಲ್ಲಿದ್ದವನು. ಆ ಕೈಚಳಕ ಇಲ್ಲಿ ಕಾಣುತ್ತದೆ. 1946ರಲ್ಲಿ ತೀರಿಕೊಂಡ ಮೇಲೆ ಅವನನ್ನು ಜನ ಮರೆತೇಬಿಟ್ಟಿದ್ದರು. ಫ್ರಾನ್ಸಿನಲ್ಲಿ ಅವನಿಗಿದ್ದ ಹೆಸರು ‘ಬ್ರಿಕೊಲೊ’. ಆ ಹೆಸರಿನ ಹಳೆಯ ರೀಲುಗಳು ತೂಲೂಸಿನ ಚಿತ್ರಸಂಗ್ರಹಾಲಯದವರ ಕಣ್ಣಿಗೆ ಬಿದ್ದುದರಿಂದ ಅವನು ಮತ್ತೆ ಬೆಳಕಿಗೆ ಬಂದ. (ಚಿತ್ರದ ಹೆಸರೂ ಶ್ಲೇಷೆಯೇ. ‘ಕುಮ್ಮಕ್ಕು ಕೊಡು’ ಎಂಬ ಅರ್ಥದ ಇಂಗ್ಲಿಷಿನ ‘ಎಗ್’ ಕ್ರಿಯಾಪದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅದಕ್ಕೂ ಮೊಟ್ಟೆಗೂ ನಂಟಿಲ್ಲ.)

ಹೀಗಿರುವಾಗ ನನಗೆ ಹೆಚ್ಚು ಹಿಡಿಸಿದ ಪದ ‘ಚೇಷ್ಟೆ’. ಸಂಸ್ಕೃತದಲ್ಲಿ ಅದು ಮೈಕೈಗಳ ಚಲನೆ, ಕನ್ನಡದಲ್ಲಿ ಕೀಟಲೆ. ನಮಗೆ ಬೇಕಾದದ್ದು ಎರಡೂ. ‘ಅಂಗಚೇಷ್ಟೆ’ ಎಂದರೆ ಅಸಭ್ಯತೆಯ ನೆರಳು ಬೀಳುತ್ತದೆ, ‘ಮಂಗಚೇಷ್ಟೆ’ ಬೈಗುಳವಾಗಿಬಿಟ್ಟಿದೆ. ಆದರೂ ‘ಚೇಷ್ಟೆಯ ಹಾಸ್ಯ’ ಎಂದರೆ ಓದುಗರಿಗೆ ವಿವರಣೆ ಬೇಕಾಗಲಾರದು. ಯಕ್ಷಗಾನದ ಪೂರ್ವರಂಗದಲ್ಲಿ ಕುಣಿಯುವ ಕೋಡಂಗಿಯೂ ಕೋಡಗದ, ಎಂದರೆ ಮಂಗದ, ನೆಂಟನೇ ಆದ್ದರಿಂದ ‘ಕೋಡಂಗಿಯಾಟ’ ಎನ್ನಬಹುದೇ ಎಂದೂ ಯೋಚಿಸಿದೆ. ಆದರೆ ‘ಕೊಟ್ಟವನು ಕೋಡಂಗಿ’ ಎಂಬ ಗಾದೆಯಿಂದಾಗಿ ಆ ಪದಕ್ಕೆ ಮೋಸಹೋದ ಪೆದ್ದ ಎಂಬ ಅರ್ಥವೇ ಗಟ್ಟಿಯಾಗಿ ಅಂಟಿಕೊಂಡಿದೆ.

‘ಚೇಷ್ಟೆಯ ಹಾಸ್ಯ’ದಲ್ಲಿ ಒಂದು ಕೊರತೆ ಉಳಿಯುತ್ತದೆ: ಅದರಲ್ಲಿ ಸದ್ದಿಲ್ಲ. ‘ರಪ್ಪನೆ’, ‘ಧೊಪ್ಪನೆ’, ‘ಫಟೀರನೆ’, ‘ಪಚಕ್ಕನೆ’ ಎಂದು ಒಂದೊಂದು ಬೀಳುವಿಕೆಗೂ ಒಂದೊಂದು ಅನುಕರಣಾವ್ಯಯವನ್ನು ಇಟ್ಟುಕೊಂಡಿರುವ ಭಾಷೆಯಲ್ಲಿ ಈ ಕೊರತೆ ಇರಬಾರದು. ಆದ್ದರಿಂದ ರಂಗಭೂಮಿಯನ್ನು ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು: ಕಂಪನಿ ನಾಟಕದಲ್ಲೋ ಬಯಲಾಟದಲ್ಲೋ ಸಣ್ಣಾಟದಲ್ಲೋ, ಸದ್ದು ಮಾತ್ರ ಜೋರಾಗಿ ಕೇಳಿಸಿ ಮೈಗೆ ತಾಗದ ಆ ಹುಸಿ ಪೆಟ್ಟಿಗೆ ಕಲಾವಿದರು ತಮ್ಮತಮ್ಮಲ್ಲಿ ಬಳಸುವ ಪದ ಯಾವುದು?