ಕಂಪನಿಯ ತಪ್ಪನ್ನು ಮೇಲಿನವರಿಗೆ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಸಿಕ್ಕಿತೇ? ಅನುಭವ ಇದ್ದವರು ಹೇಳಿ

ಬೈಕಂಪಾಡಿ ಲೆಕ್ಕಿಗ:
ನಾನು ಒಂದು ಖಾಸಗಿ ಗೇರುಬೀಜ ಕಂಪನಿಯಲ್ಲಿ ಆರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ನೂರಹತ್ತು ಮಂದಿ ಹೆಂಗಸರ ಸಂಬಳದಿಂದ ತಿಂಗಳು ತಿಂಗಳು ಶೇ. 12ರಂತೆ ಪಿ.ಎಫ್. ಹಿಡಿಯುತ್ತಾರೆ; ಕಟ್ಟುವಾಗ ಅರುವತ್ತೆರಡು ಹೆಸರುಗಳು ಮಾತ್ರ ಇರುತ್ತವೆ. ದೂರು ಕೊಟ್ಟರೆ ನನ್ನ ಕೆಲಸ ಉಳಿಯುವುದಕ್ಕೆ ಕಾನೂನು ಇದೆಯೇ? ಮನೆ ಸಾಲದ ಕಂತು ಇನ್ನೂ ಹನ್ನೊಂದು ವರ್ಷ ಇದೆ.

ಮೂಲ್ಕಿ ನಿವೃತ್ತ:
ರಕ್ಷಣೆ ಖಂಡಿತ ಇದೆ, ಅದನ್ನು ಪಡೆಯುವ ಶಿಸ್ತು ನಮ್ಮಲ್ಲಿರಬೇಕು. ನಾನು ಸರಕಾರಿ ಬ್ಯಾಂಕೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ನಮ್ಮ ಶಾಖೆಯಲ್ಲಿ ಇಲ್ಲದ ದೋಣಿಗಳ ಮೇಲೆ ಸಾಲ ಮಂಜೂರಾಗುತ್ತಿರುವುದನ್ನು ಕಂಡು 2011ರಲ್ಲಿ, ಕೇಂದ್ರ ಸರಕಾರಿ ಸಂಸ್ಥೆಗಳ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಕೇಂದ್ರ ಜಾಗೃತ ಆಯೋಗಕ್ಕೆ ಬರೆದೆ. ಹೆದ್ದಾರಿ ಕಾಮಗಾರಿಯ ಅವ್ಯವಹಾರವನ್ನು ಪ್ರಧಾನಿ ಕಚೇರಿಗೆ ತಿಳಿಸಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರು 2003ರಲ್ಲಿ ಗಯಾದಲ್ಲಿ ಕೊಲೆಯಾದ ಬಳಿಕ, ಕೇಂದ್ರ ಸರಕಾರ 2004ರಲ್ಲಿ ಹೊರಡಿಸಿದ ನಿರ್ಣಯದಂತೆ ಆಯೋಗವು ದೂರುದಾರನ ಹೆಸರನ್ನು ಗುಟ್ಟಾಗಿ ಇಡಬೇಕು. ಲಕೋಟೆಯ ಹೊರಗೆ ಹೆಸರು ಇರಬಾರದು, ಒಳಗಿನ ಪತ್ರದಲ್ಲಿ ಇರಲೇಬೇಕು. ಅನಾಮಧೇಯ ಪತ್ರವನ್ನು ಅವರು ತೆಗೆದುಕೊಳ್ಳುವುದಿಲ್ಲ. ನಾನು ಅದನ್ನು ನಮ್ಮೂರಿನ ಅಂಚೆಯಲ್ಲಿ ಹಾಕದೆ ಸುರತ್ಕಲ್‌ಗೆ ಹೋಗಿ ಹಾಕಿದೆ. ಸಂಶಯದ ಮೇಲೆ ನನ್ನನ್ನು ಬಿಜಾಪುರಕ್ಕೆ ವರ್ಗ ಮಾಡಿದರು ಎಂಬುದು ನಿಜ, ಎರಡು ವರ್ಷ ಎರಡು ಒಲೆ ಉರಿಸಿದೆ, ಅಲ್ಲಿ ಮನೆ ಬಾಡಿಗೆ 4,500 ರೂಪಾಯಿ, ಕುಚ್ಚಲಕ್ಕಿಯನ್ನು ಊರಿನಿಂದ ಬಸ್ಸಿಗೆ ಹಾಕಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಹೆಸರು ಇಂದಿಗೂ ಹೊರಬಿದ್ದಿಲ್ಲ.

ಕುಂದಾಪುರದ ಗುಮಾಸ್ತ:
ಹೆಸರು ಹೊರಬೀಳದೆ ಬಿಜಾಪುರಕ್ಕೆ ಹೋದದ್ದನ್ನು ರಕ್ಷಣೆ ಎನ್ನುವುದಾದರೆ ನನಗೆ ಹೇಳಲು ಏನೂ ಇಲ್ಲ. ನಾನು ಸಹಕಾರ ಸಂಘವೊಂದರ ನೌಕರ. ಅಡವು ಚಿನ್ನದ ಸಾಲದಲ್ಲಿ ಒಂದೇ ನಕಲಿ ಬಳೆ ಮೂರು ಹೆಸರಿನಲ್ಲಿ ಒಳಗೆ ಬಂದದ್ದನ್ನು 2016ರಲ್ಲಿ ಇಲಾಖೆಗೆ ಬರೆದು ತಿಳಿಸಿದೆ. ಒಂಬತ್ತನೆಯ ದಿನ ನನ್ನ ದೂರಿನ ಪ್ರತಿ ನಮ್ಮ ವ್ಯವಸ್ಥಾಪಕರ ಮೇಜಿನ ಮೇಲಿತ್ತು. ಸಹಕಾರ ಇಲಾಖೆಯ ಲೆಕ್ಕಪರಿಶೋಧನಾ ಅಧಿಕಾರಿ ಎಸ್.ಪಿ. ಮಹಾಂತೇಶ್ ಅವರು 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಲ್ಲೆಗೊಳಗಾಗಿ ತೀರಿಹೋದ ಸುದ್ದಿಯ ತುಂಡನ್ನು ನನ್ನ ತಾಯಿ ದೇವರ ಕೋಣೆಯಲ್ಲಿ ಎತ್ತಿಟ್ಟು, ನಾನು ಮನೆಗೆ ಬರುವವರೆಗೆ ಜಗಲಿಯಲ್ಲಿ ಕುಳಿತಿರುತ್ತಿದ್ದರು. ದಾಖಲೆ ಹೊರಗೆ ಒಯ್ದ ಆರೋಪದ ಮೇಲೆ ಅಮಾನತು, ಇಲಾಖಾ ವಿಚಾರಣೆ, ಎಂಟು ತಿಂಗಳಿಗೆ ವಜಾ. ವಕೀಲರು ಮಂಗಳೂರಿನ ಕಾರ್ಮಿಕ ನ್ಯಾಯಾಲಯಕ್ಕೆ ಹಾಕಿದರು. ಸಹಕಾರ ಸಂಘ ಮತ್ತು ಅದರ ನೌಕರರ ನಡುವಿನ ವಿವಾದ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೆಯ ಕಲಮಿನಡಿ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಮುಂದೆಯೇ ಹೋಗಬೇಕು ಎಂದು ಎದುರು ಪಕ್ಷದವರು ತಕರಾರು ಎತ್ತುವಷ್ಟರಲ್ಲಿ ಹದಿನಾಲ್ಕು ತಿಂಗಳು ನೀರಿಗೆ ಹೋಗಿತ್ತು. ವಕೀಲರಿಗೆ ಮೊದಲು 25,000, ಎರಡನೆಯವರಿಗೆ 40,000, ಝೆರಾಕ್ಸಿಗೆ 3,180, ಕುಂದಾಪುರದಿಂದ ಮಂಗಳೂರಿಗೆ ಇಪ್ಪತ್ತೆರಡು ಬಾರಿ ಬಸ್ಸು. ಹೆಂಡತಿಯ ಬಳೆ ಅಡವಿಟ್ಟೆ, ಅದು ಅಸಲಿ ಚಿನ್ನ. 2021ರಲ್ಲಿ ಮರಳಿ ಕೆಲಸ ಸಿಕ್ಕಿತು, ಹಿಂಬಾಕಿ ಶೇ. 40 ಮಾತ್ರ.

ಮೂಲ್ಕಿ ನಿವೃತ್ತ:
ಕಚೇರಿಯ ದಾಖಲೆಯನ್ನು ಮನೆಗೆ ಒಯ್ಯುವುದು ಮೊದಲ ತಪ್ಪು. ಕಡತದ ಸಂಖ್ಯೆ, ದಿನಾಂಕ, ಪುಟ ಬರೆದುಕೊಂಡರೆ ಸಾಕಿತ್ತು.

ಕುಂದಾಪುರದ ಗುಮಾಸ್ತ:
ಪುಟದ ಸಂಖ್ಯೆ ಬರೆದುಕೊಂಡಿದ್ದರೆ ಮರುದಿನ ಆ ಪುಟವೇ ಇರುತ್ತಿರಲಿಲ್ಲ ಮಾರಾಯರೆ. ತಿಂಗಳ ಮೊದಲ ದಿನ ಪಿಂಚಣಿ ಬರುವವರಿಗೆ ಶಿಸ್ತಿನ ಪಾಠ ಸುಲಭ.

ಮಣಿಪಾಲದ ಮಾಜಿ ಎಚ್.ಆರ್.:
ನೀವಿಬ್ಬರೂ ಹೇಳುತ್ತಿರುವ ದಾರಿ ಖಾಸಗಿ ಕಂಪನಿಯವರಿಗೆ ಇಲ್ಲವೇ ಇಲ್ಲ. 2004ರ ನಿರ್ಣಯ ಕೇಂದ್ರ ಸರಕಾರ ಮತ್ತು ಅದರ ಸಂಸ್ಥೆಗಳಿಗೆ ಸಂಬಂಧಿಸಿದ್ದು. 2014ರ ಮಾಹಿತಿದಾರರ ರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಅದನ್ನು ಜಾರಿಗೆ ತಂದಿಲ್ಲ, ತಂದರೂ ಅದು ಸಾರ್ವಜನಿಕ ಸೇವಕರ ಮೇಲಿನ ದೂರಿಗೆ ಮಾತ್ರ. ಖಾಸಗಿಯವರಿಗೆ ಇರುವುದು 2013ರ ಕಂಪನಿ ಕಾಯಿದೆಯ 177ನೆಯ ಕಲಮು. ಷೇರುಪೇಟೆಯಲ್ಲಿ ನೋಂದಾಯಿತವಾದ, ಸಾರ್ವಜನಿಕರಿಂದ ಠೇವಣಿ ಪಡೆಯುವ, ಅಥವಾ ಬ್ಯಾಂಕುಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಮಾಡಿದ ಕಂಪನಿಯಲ್ಲಿ ದೂರು ಕೇಳುವ ವ್ಯವಸ್ಥೆ ಇರಬೇಕು, ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಸಾಲ 50 ಕೋಟಿ ದಾಟಿತ್ತು, ವ್ಯವಸ್ಥೆಯೂ ಇತ್ತು. ಲೆಕ್ಕಪರಿಶೋಧನಾ ಸಮಿತಿ ಇಲ್ಲದ ಕಂಪನಿಯಲ್ಲಿ ಆಡಳಿತ ಮಂಡಳಿ ನೇಮಿಸಿದ ಒಬ್ಬ ನಿರ್ದೇಶಕರು ದೂರು ಕೇಳಬೇಕು. ನಮ್ಮ ಕಂಪನಿಯಲ್ಲಿ ಅವರು ಆಡಳಿತ ನಿರ್ದೇಶಕರ ಭಾವನೇ ಆಗಿದ್ದರು. ನಾನು ಅವರಿಗೆ ಬರೆಯಲಿಲ್ಲ. ಬೇರೆ ಕಡೆ ಕೆಲಸ ನೋಡಿಕೊಂಡು, ಅನುಭವ ಪತ್ರ ಕೈಗೆ ಬಂದ ಮೇಲೆ, ಅಲ್ಲಿನ ಪಿ.ಎಫ್. ಬಾಕಿಯ ಬಗ್ಗೆ ಪಿ.ಎಫ್. ಕಚೇರಿಗೆ ಬರೆದೆ. ಹೊಸ ಕೆಲಸದಲ್ಲಿ ತಿಂಗಳಿಗೆ 7,000 ಕಡಿಮೆ. ಅದನ್ನು ನಾನು ವಕೀಲರ ಶುಲ್ಕ ಎಂದು ಎಣಿಸಿದ್ದೇನೆ.

ಕುಂದಾಪುರದ ಗುಮಾಸ್ತ:
ಹೊರಗೆ ಹೋಗಿ ಕಲ್ಲು ಹೊಡೆದದ್ದನ್ನು ಧೈರ್ಯ ಎನ್ನುತ್ತೀರಾ ಅಕ್ಕ? ನೀವು ಬರೆಯುವವರೆಗಿನ ತಿಂಗಳುಗಳ ಹಣ ಯಾರದ್ದು?

ಮಣಿಪಾಲದ ಮಾಜಿ ಎಚ್.ಆರ್.:
ಧೈರ್ಯ ಎಂದು ನಾನು ಎಲ್ಲಿಯೂ ಬರೆದಿಲ್ಲ. ನನ್ನ ಮೇಲೆ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಇದ್ದರು. ಆ ಹಣ ಪಿ.ಎಫ್. ಕಾಯಿದೆಯ 7ಎ ಕಲಮಿನ ವಿಚಾರಣೆಯಲ್ಲಿ ನಿರ್ಧಾರವಾಗಿ ವಸೂಲಾಯಿತು. ನಿಮ್ಮ ನಕಲಿ ಬಳೆಯ ಹಣ ವಸೂಲಾಯಿತೇ, ಅದನ್ನು ಹೇಳಿ.

ಮೂಲ್ಕಿ ನಿವೃತ್ತ:
ಖಾಸಗಿಯಾದರೂ ಲಕೋಟೆಯ ಶಿಸ್ತು ಶಿಸ್ತೇ.

ಬೈಕಂಪಾಡಿ ಲೆಕ್ಕಿಗ:
ಎಲ್ಲರಿಗೂ ಧನ್ಯವಾದ. ನಮ್ಮ ಕಂಪನಿಯ ಸಾಲ 50 ಕೋಟಿ ದಾಟಿದೆಯೇ ಎಂದು ನಾನು ಯಾರನ್ನೂ ಕೇಳದೆ ತಿಳಿಯುವುದು ಹೇಗೆ?

ಮಣಿಪಾಲದ ಮಾಜಿ ಎಚ್.ಆರ್.:
ಬ್ಯಾಂಕ್ ಸಾಲದ ಲೆಕ್ಕ ಬರೆಯುವವರು ನೀವೇ ಅಲ್ಲವೇ? ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿಯೂ ಅಡವಿನ ವಿವರ ಇರುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ನೋಡಬೇಡಿ. ಇನ್ನೊಂದು ಮಾತು: ಪಾಸ್‌ಬುಕ್ಕಿನಲ್ಲಿ ಹಣ ಬಂದಿಲ್ಲ ಎಂದು ಆ ನಲವತ್ತೆಂಟು ಹೆಂಗಸರಲ್ಲಿ ಯಾರಾದರೂ ಒಬ್ಬರು ಕೇಳಿದರೆ ದೂರು ಅವರದ್ದೇ ಆಗುತ್ತದೆ.

ಮೂಲ್ಕಿ ನಿವೃತ್ತ:
ಅಂದರೆ ದಿನಗೂಲಿಯ ಹೆಂಗಸನ್ನು ಮುಂದೆ ಬಿಟ್ಟು ಲೆಕ್ಕಿಗರು ಹಿಂದೆ ನಿಲ್ಲಬೇಕು ಎನ್ನುತ್ತೀರಿ.

ಕುಂದಾಪುರದ ಗುಮಾಸ್ತ:
ಇದೊಂದು ಮಾತಿಗೆ ಮೂಲ್ಕಿಯವರ ಜೊತೆ ನಾನಿದ್ದೇನೆ. ಅಕ್ಕನವರ ಪ್ರಶ್ನೆಗೆ ಉತ್ತರ: ಮೂರರಲ್ಲಿ ಎರಡು ಸಾಲ ವಸೂಲಾಗಿದೆ. ಮೇಲೆ ಬರೆದದ್ದರಲ್ಲಿ ಒಂದು ತಪ್ಪಿದೆ, ಈಗ ಚೀಲ ತೆಗೆದು ಟಿಕೆಟುಗಳನ್ನು ಎಣಿಸಿದೆ: ಮಂಗಳೂರಿಗೆ ಹೋದದ್ದು ಇಪ್ಪತ್ತೆರಡಲ್ಲ, ಇಪ್ಪತ್ತಾರು ಬಾರಿ.